ಐದನೆಯ ಸಾಲಿನ ಗಿಡಗಳು

ನಾನು ಕೆಟ್ಟವಳಲ್ಲ, ನನ್ನ ಬಾಯಿ ಕೆಟ್ಟದ್ದು. ಇದನ್ನು ನನ್ನ ಗಂಡ ಅಮರೇಶ ಮದುವೆಯಾದ ಮೂರನೆಯ ದಿನಕ್ಕೆ ಕಂಡುಕೊಂಡ, ನಮ್ಮ ಅತ್ತೆ ಮಾನವ್ವ ಮೊದಲನೆಯ ದಿನವೇ ಕಂಡುಕೊಂಡಳು. ಊರಿಗೆಲ್ಲ ಗೊತ್ತಾದದ್ದು ನಾವು ಹೊಲದಲ್ಲಿ ನೆಟ್‌ಹೌಸ್ ಹಾಕಿದ ಮೇಲೆ. ಆ ಬಾಯಿಂದಾಗಿ ಒಬ್ಬ ಗೆಳತಿಯನ್ನು ಕಳೆದುಕೊಂಡು ಹತ್ತು ದಿನ ಹೇಗಿದ್ದೆ ಎಂಬುದನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಉಪ್ಪು ಖಾರ ಜಾಸ್ತಿ ಹಾಕುತ್ತಾರೆ.

ನಮ್ಮೂರು ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ದಾರಿಯಲ್ಲಿದೆ. ನೆಟ್‌ಹೌಸ್ ಎಂದರೆ ಹತ್ತು ಗುಂಟೆ ಜಾಗಕ್ಕೆ ಕಬ್ಬಿಣದ ಕಂಬ ನೆಟ್ಟು, ಸೊಳ್ಳೆಯೂ ನುಸುಳದಂಥ ಬಿಳಿ ಬಲೆಯನ್ನು ಮೇಲಿಂದ ಕೆಳಗೆ ಹೊದಿಸಿದ ಮನೆ. ಒಳಗೆ ಟೊಮ್ಯಾಟೊ. ತಿನ್ನುವುದಕ್ಕಲ್ಲ, ಬೀಜಕ್ಕೆ. ಬೀಜದ ಕಂಪನಿಯವರು ಹೆಣ್ಣುಗಿಡದ ಸಸಿ ಬೇರೆ, ಗಂಡುಗಿಡದ ಸಸಿ ಬೇರೆ ಕೊಡುತ್ತಾರೆ. ಎರಡನ್ನೂ ಕೂಡಿಸುವ ಕೆಲಸ ನಮ್ಮದು. ಅದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ಹೆಣ್ಣುಗಿಡದ ಮೊಗ್ಗು ನಾಳೆ ಅರಳುತ್ತದೆ ಎನ್ನುವಾಗ ಇವತ್ತು ಸಂಜೆ ಅದರ ಎಸಳನ್ನೂ ಒಳಗಿನ ಹಳದಿ ಕೊಳವೆಯನ್ನೂ ಚಿಮಟದಿಂದ ಕಿತ್ತುಬಿಡಬೇಕು. ಮಾರನೆಯ ದಿನ ಬೆಳಗ್ಗೆ ಗಂಡುಹೂವಿನ ಪುಡಿಯನ್ನು, ಇದಕ್ಕೆಂದೇ ಬೆರಳಿಗೆ ಹಾಕಿಕೊಳ್ಳುವ ಉಂಗುರದ ಕುಳಿಯಲ್ಲಿ ತುಂಬಿಕೊಂಡು, ಉಳಿದ ಆ ಕೂದಲೆಳೆಯಂಥ ತುದಿಯನ್ನು ಅದರಲ್ಲಿ ಅದ್ದಬೇಕು. ಒತ್ತಿದರೆ ಮುರಿಯುತ್ತದೆ, ಒತ್ತದಿದ್ದರೆ ಕಾಯಿ ಕಟ್ಟುವುದಿಲ್ಲ. ಹನ್ನೆರಡು ಹೆಂಗಸರು ಈ ಕೆಲಸಕ್ಕೆ ಬರುತ್ತಿದ್ದರು, ನಾನು ಅವರ ಮೇಲೆ ಯಜಮಾನತಿ.

ಬಲೆಮನೆಗೆ ಎರಡು ಬಾಗಿಲು. ಮೊದಲನೆಯದನ್ನು ಮುಚ್ಚದೆ ಎರಡನೆಯದನ್ನು ತೆರೆಯುವಂತಿಲ್ಲ. ನಡುವಿನ ಗೂಡಿನಲ್ಲಿ ಎಲ್ಲರೂ ಸೀರೆ ಕೊಡವಿಕೊಂಡು, ಗೂಟಕ್ಕೆ ನೇತು ಹಾಕಿದ ಗಂಡಂದಿರ ಹಳೆಯ ತುಂಬುತೋಳಿನ ಅಂಗಿ ತೊಟ್ಟುಕೊಂಡು ಒಳಗೆ ಬರಬೇಕು. ತಲೆಯಲ್ಲಿ ಹೂವಿದ್ದರೆ ನಾನೇ ಕಿತ್ತು ಹೊರಗೆಸೆಯುತ್ತಿದ್ದೆ. ಶೀಗೆ ಹುಣ್ಣಿಮೆಯ ದಿನ ಅತ್ತೆ ಬುಟ್ಟಿಯಲ್ಲಿ ಕಡುಬು, ಚಂಡುಹೂ ಹೊತ್ತು ಚರಗ ಚೆಲ್ಲಲು ಬಂದರೆ ಆಕೆಗೂ ಬಾಗಿಲು ತೆರೆಯಲಿಲ್ಲ. ಪಾಪ, ಬಲೆಯ ಸುತ್ತ ಹೊರಗಿನಿಂದಲೇ ಚೆಲ್ಲಿ, ಆಮೇಲೆ ಊರ ತುಂಬ ಹೇಳಿಕೊಂಡು ಬಂದಳು.

"ಭೂಮಿತಾಯಿಗೆ ಉಣಸಾಕ ಹೋದ್ರ ನಮ್ಮ ಸೊಸಿ ಬಾಗಲಾನ ತಗೀಲಿಲ್ಲ ನೋಡ್ರಿ. ಒಳಗಿನ ಭೂಮಿತಾಯಿ ಉಪಾಸ!"

ಅಂದಿನಿಂದ ನಮ್ಮ ನೆಟ್‌ಹೌಸಿಗೆ ಊರಲ್ಲಿ ಜೈಲು ಎಂದೇ ಹೆಸರು. ನನಗೇನೂ ಬೇಸರವಾಗಲಿಲ್ಲ. ದೀಪಾವಳಿಗೆ ಗಜೇಂದ್ರಗಡದ ಸಂತೆಗೆ ಹೋದಾಗ ಲಿಂಬೆಹಣ್ಣಿನಂಥ ಹಳದಿ ದುಪಟ್ಟಾ ಒಂದನ್ನು ತಂದು, ತಲೆಗೆ ಬಿಗಿಯಾಗಿ ಸುತ್ತಿಕೊಳ್ಳತೊಡಗಿದೆ. ಹಳೆ ಅಂಗಿ ತೊಟ್ಟ ಹನ್ನೆರಡು ಜನರ ನಡುವೆ ಯಜಮಾನತಿ ಯಾರೆಂದು ದೂರದಿಂದಲೇ ತಿಳಿಯಲಿ ಎಂಬುದು ನನ್ನ ಆಸೆ.

ಆ ಹನ್ನೆರಡು ಜನರಲ್ಲಿ ಫರ್ಜಾನಾ ಬೇರೆಯೇ. ಅವಳೂ ನಾನೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಅವಳು ನರಗುಂದದ ಕಡೆಯ ಕೊಣ್ಣೂರಿನವಳು, ನಾನು ಹೊಳೆಆಲೂರಿನವಳು. ಇಬ್ಬರೂ ಮಲಪ್ರಭೆಯ ನೀರು ಕುಡಿದು ಬೆಳೆದವರಾದ್ದರಿಂದ ಇಲ್ಲಿನ ಬೋರಿನ ಸವುಳು ನೀರು ಇಬ್ಬರ ಬಾಯಿಗೂ ಸೇರಲಿಲ್ಲ. ಆ ನೀರನ್ನು ಬೈಯುತ್ತ ಬೈಯುತ್ತಲೇ ಗೆಳತಿಯರಾದೆವು. ಒಂಬತ್ತು ವರ್ಷವಾಯಿತು, ಬೈಯುವುದು ಇನ್ನೂ ಮುಗಿದಿಲ್ಲ. ಕ್ರಾಸಿಂಗಿನಲ್ಲಿ ಅವಳ ಕೈಗೆ ಸಮನಾದ ಕೈ ಇನ್ನೊಂದಿಲ್ಲ. ಉಳಿದವರು ನೂರು ಹೂ ಮುಟ್ಟಿದರೆ ಎಪ್ಪತ್ತು ಕಾಯಿ ಕಟ್ಟುತ್ತವೆ, ಅವಳು ಮುಟ್ಟಿದರೆ ತೊಂಬತ್ತು. ಕೆಲಸದ ನಡುವೆ ಮಾತಾಡಿದವರನ್ನು ನಾನು ಗದರಿಸುತ್ತಿದ್ದೆ. ನಮ್ಮಿಬ್ಬರ ಮಾತು ಮಾತ್ರ ಆ ಕಾಯಿದೆಗೆ ಬರುತ್ತಿರಲಿಲ್ಲ.

ಡಿಸೆಂಬರ್ ಮೊದಲ ವಾರ. ಐದನೆಯ ಸಾಲಿನಲ್ಲಿ ಒಂದು ಗಿಡದ ಕುಡಿ ಮುದುಡಿಕೊಂಡಿತ್ತು. ಎಲೆಗಳು ದೊನ್ನೆಯಂತೆ ಮೇಲಕ್ಕೆ ಮಡಚಿ, ಅಂಚು ಹಳದಿಯಾಗಿದ್ದವು. ನೀರು ಕಡಿಮೆಯಾಗಿರಬೇಕೆಂದು ಸುಮ್ಮನಾದೆ. ನಾಲ್ಕು ದಿನಕ್ಕೆ ಅದರ ಅಕ್ಕಪಕ್ಕದವು, ಎದುರಿನವು, ಹಿಂದಿನವು.

ಕಂಪನಿಯಿಂದ ವಾರಕ್ಕೊಮ್ಮೆ ಬೆಳೆ ನೋಡಲು ಬರುವ ಮುತ್ತಣ್ಣ ಒಂದೇ ಎಲೆ ತಿರುವಿ ನೋಡಿ ಹೇಳಿಬಿಟ್ಟ.

"ಮುಟುರು ರೋಗರಿ ಅಕ್ಕಾರ. ವೈರಸ್ಸು. ಇದಕ್ಕ ಔಷಧಾನ ಇಲ್ಲ. ಬಿಳಿನೊಣ ತರತೈತಿ. ಹೊರಗ ರೋಗದ ಗಿಡದ ರಸಾ ಹೀರಿ ಬಂದು ಇಲ್ಲಿ ಗಿಡಕ್ಕ ಕಚ್ಚಿದ್ರ ಮುಗೀತು."

"ಬಿಳಿನೊಣ ಹ್ಯಾಂಗ ಬರತೈತ್ರಿ? ಬಲಿ ಎಲ್ಲೂ ಹರದಿಲ್ಲ, ದಿನಾ ನೋಡತೀನಿ."

"ಬಲಿ ಹರೀದಿದ್ರ ಮನಶ್ಯಾರು ತಂದಾರ. ಇವತ್ತ ಕಾಣಾತೈತಿ ಅಂದ್ರ ಹುಳಾ ಕಚ್ಚಿ ಹದಿನೈದ ಇಪ್ಪತ್ತ ದಿನಾ ಆಗೈತಿ. ರೋಗ ಹಿಡದದ್ದನ್ನೆಲ್ಲಾ ಚೀಲಾ ಮುಚ್ಚಿ ಕೀಳ್ರಿ, ಕಿತ್ತು ಸುಡ್ರಿ. ಯಾರು ತರಾತಾರ ಅನ್ನೂದನ್ನ ಲಗೂ ಹುಡಕ್ರಿ."

ಹೋಗುವಾಗ ಸಾಲುಗಳ ನಡುವೆ ಹಳದಿ ಅಂಟುಹಾಳೆಗಳನ್ನು ಕಟ್ಟಿಸಿ ಹೋದ. ನೊಣ ಹಾರಿ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ, ಎಲ್ಲಿ ಎಷ್ಟಿವೆ ಎಂದು ತಿಳಿಯುತ್ತದೆ ಎಂದ. ಹಾಳೆಗಳನ್ನು ನಾನೇ ಕೈಯಾರೆ ಕಟ್ಟಿದೆ. ಹಾಳೆ ಹಳದಿಯೇ ಯಾಕಿದೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಯಾರು ತಂದರು ಎಂಬುದೊಂದೇ ತಲೆಯಲ್ಲಿ ಗುಂಯ್ಗುಡುತ್ತಿತ್ತು.

ಆ ಮಧ್ಯಾಹ್ನ ಪಾಲಿಥೀನ್ ಚೀಲ ಮುಚ್ಚಿ ಮುಚ್ಚಿ ನಲವತ್ತೊಂದು ಗಿಡ ಕಿತ್ತೆವು. ಕಿತ್ತದ್ದೆಲ್ಲ ಒಂದೇ ಜಾಗದಲ್ಲಿ, ಫರ್ಜಾನಾ ಕೆಲಸ ಮಾಡುವ ಐದನೆಯ ಸಾಲಿನ ನಡುಭಾಗದಲ್ಲಿ. ಹನ್ನೊಂದು ಜನ ನಮ್ಮ ಹೊಲಕ್ಕೆ ಅಂಟಿಕೊಂಡ ಕಾಶೀಂಸಾಬರ ಹತ್ತಿಹೊಲದ ಬದುವಿನ ಬೇವಿನ ಮರದಡಿ ನನ್ನ ಜೊತೆ ಬುತ್ತಿ ಬಿಚ್ಚುತ್ತಿದ್ದರು. ಫರ್ಜಾನಾಳ ಮನೆ ಹೊಲದ ಸಮೀಪವೇ ಇದ್ದುದರಿಂದ ಊಟಕ್ಕೆ ಅವಳೊಬ್ಬಳು ಮನೆಗೆ ಹೋಗಿ ಬರುತ್ತಿದ್ದಳು. ಅವಳ ಹಿತ್ತಲಲ್ಲಿ ಬದನೆ, ಬೆಂಡೆ ಗಿಡಗಳಿದ್ದವು. ನನಗೆ ಇನ್ನೇನು ಬೇಕಿತ್ತು? ಎಲ್ಲವೂ ಹೊಂದಿಕೊಂಡಿತು.

ಗಿಡಗಳಿಗೆ ಹೊರಗೆ ಬೆಂಕಿ ಹಚ್ಚಿ ಎಲ್ಲರೂ ಸುತ್ತ ನಿಂತಿದ್ದಾಗ, ಫರ್ಜಾನಾ ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು.

"ಅನ್ನಪೂರ್ಣಾ, ಒಂದ ಮಾತ ಹೇಳಬೇಕಿತ್ತ. ನಿನ್ನೆ ನಾ ನೋಡಿದ್ನಿ, ನಿನ್ನ..."

"ನೀ ಏನ ನೋಡೀದಿ? ನಾ ನೋಡೇನಿ ಈಗ! ನಿಮ್ಮ ಹಿತ್ತಲದಾಗಿನ ಬದನಿ ಗಿಡದ ಹುಳಾ ಮೈಗೆ ಹಚಗೊಂಡ ಬಂದು ನನ್ನ ಬೆಳಿ ಹಾಳ ಮಾಡೀದಿ. ಮತ್ತ್ಯಾರ ಸಾಲಿಗೂ ಹತ್ತಲಾರದ ರೋಗ ನಿನ್ನ ಸಾಲಿಗೇ ಯಾಕ ಹತ್ತಿತು? ಗೆಳತಿ ಅಂತ ನಿನ್ನ ಸರಿಯಾಗಿ ತಪಾಸಣಿ ಮಾಡಲಿಲ್ಲಲ್ಲ, ಅದ ನನ್ನ ತಪ್ಪು. ನಾಳಿಂದ ಬರಬ್ಯಾಡ."

ಹನ್ನೊಂದು ಜನ ನೆಲ ನೋಡುತ್ತ ನಿಂತರು. ಫರ್ಜಾನಾ ತೊಟ್ಟಿದ್ದ ಅಂಗಿ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಬದುವಿನ ಕಲ್ಲಿನ ಮೇಲಿಟ್ಟಳು. ಬೆರಳಿನ ಉಂಗುರ ತೆಗೆದು ಅದರ ಮೇಲಿಟ್ಟಳು. ಹೋದಳು. ಮಾರನೆಯ ದಿನವೇ ಕೆರೆಯ ಆಚೆಗಿನ ಹಾಲೇಶನ ನೆಟ್‌ಹೌಸಿನಲ್ಲಿ ಕೆಲಸಕ್ಕೆ ಹತ್ತಿದಳೆಂದು ಸುದ್ದಿ ಬಂತು. ಹಾಲೇಶ ಅವಳನ್ನು ಎರಡು ವರ್ಷದಿಂದ ಕರೆಯುತ್ತಿದ್ದ. ನನ್ನ ಮುಖ ನೋಡಿ ಹೋಗದೇ ಇದ್ದಳು.

ಮೊದಲ ಮೂರು ದಿನ ಸಿಟ್ಟೇ ನನಗೆ ಊಟ, ಸಿಟ್ಟೇ ನಿದ್ದೆ. ನಾಲ್ಕನೆಯ ದಿನ ಅತ್ತೆಗೆ ಹೊಸ ಚಪ್ಪಲಿ ಕಚ್ಚಿ ಆಕೆ ಕುಂಟುತ್ತ ನಡೆದದ್ದನ್ನು ಕಂಡು ನಗು ಬಂತು, ಹೇಳೋಣವೆಂದರೆ ಯಾರಿಗೆ ಹೇಳಲಿ? ಅಮರೇಶನಿಗೆ ಹೇಳಿದೆ. "ಹೂಂ" ಅಂದ. ಗಂಡಸರಿಗೆ ಇಂಥದ್ದನ್ನು ಹೇಳಬಾರದು. ಬೋರಿನ ನೀರು ಕುಡಿದಾಗಲೆಲ್ಲ ಬೈಗುಳ ನಾಲಿಗೆಯ ತುದಿಗೆ ಬಂದು, ಕೇಳುವವರಿಲ್ಲದೆ ಹಾಗೇ ಒಳಗೆ ಹೋಗುತ್ತಿತ್ತು. ನನಗೆ ಅವಳ ನೆನಪು ಬಹಳ ಕಾಡಿತು, ಆದರೂ ಒಪ್ಪಿಕೊಳ್ಳಲಿಲ್ಲ.

ಫರ್ಜಾನಾಳ ಬದಲಿಗೆ ಮಾಸುಮಬಿ ಎಂಬ ಹೊಸಬಳನ್ನು ತಂದು ಒಂಬತ್ತನೆಯ ಸಾಲಿಗೆ ಹಾಕಿದ್ದೆ. ಅವಳಿಗೆ ಉಂಗುರ ಹಿಡಿಯಲೂ ಬರುತ್ತಿರಲಿಲ್ಲ. ಹೀಗಾಗಿ ಊಟ ಮುಗಿದ ಕೂಡಲೇ ನಾನು ಅವಳ ಹಿಂದೆ ನಿಂತು ಕಲಿಸಬೇಕಾಗುತ್ತಿತ್ತು. ಒಂಬತ್ತನೆಯ ದಿನ ಅಂಟುಹಾಳೆಗಳನ್ನು ನೋಡುತ್ತ ಬಂದೆ. ಐದನೆಯ ಸಾಲಿನ ಹಾಳೆ ಸ್ವಚ್ಛ. ಆರು, ಏಳು, ಎಂಟು ಸ್ವಚ್ಛ. ಒಂಬತ್ತರ ಹಾಳೆಯ ಮೇಲೆ ರವೆ ಚೆಲ್ಲಿದಂತೆ ಬಿಳಿನೊಣ!

"ಮಾಸುಮಬೀ! ನೀ ಹೊರಗ ಬಾ!"

ಅವಳು ಹೊರಗೆ ಬಂದಳು. ಬೈಯಲು ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಚಹಾದ ತಂಬಿಗೆ ಹಿಡಿದು ಬಾಗಿಲಾಚೆ ನಿಂತಿದ್ದ ಅತ್ತೆ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು.

"ಅನ್ನಪೂರ್ಣಾ, ತಲೀ ಮ್ಯಾಲೆ ಏನ ಅದು? ಎಳ್ಳ ಚೆಲ್ಲಿಕೊಂಡೀಯೇನ?"

ದುಪಟ್ಟಾ ಬಿಚ್ಚಿ ಕೊಡವಿದೆ. ಎಳ್ಳು ಹಾರಿತು. ಪುಟ್ಟ ಬಿಳಿ ಎಳ್ಳುಗಳು ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಮತ್ತೆ ಬಂದು ಅದೇ ಬಟ್ಟೆಯ ಮೇಲೆ ಕುಳಿತವು. ಒಂದು ಕೈಯಲ್ಲಿ ಹಳದಿ ದುಪಟ್ಟಾ, ಇನ್ನೊಂದು ಕೈಯಲ್ಲಿ ಕಿತ್ತು ತಂದ ಹಳದಿ ಅಂಟುಹಾಳೆ. ಎರಡರ ಬಣ್ಣ ಒಂದೇ. ಹಾಳೆ ಹಳದಿಯೇ ಯಾಕಿದೆ ಎಂಬುದು ಆಗ ತಿಳಿಯಿತು, ನೊಣ ಬರುವುದೇ ಆ ಬಣ್ಣಕ್ಕೆ.

"ಚಮನಬೀ, ನಿಮಗ ಇದು ಕಂಡಿತ್ತೇನ?" ಎಂದು ಕೆಲಸದವರಲ್ಲಿ ಹಿರಿಯಳಾದ ಚಮನಬಿಯನ್ನು ಕೇಳಿದೆ.

"ಕಂಡಿದ್ವು ಯವ್ವಾ. ಹತ್ತಿ ಹೊಲದ ಬಾಜೂ ಕುಂತ ಎದ್ದಾಗ ದಿನಾ ನಾಕ ಹುಳಾ ಕುಂತಿರತಿದ್ವು."

"ಮತ್ತ ಹೇಳಬಾರದಾ?"

"ಯಾರ ಹೇಳಬೇಕ ತಾಯಿ ನಿನಗ? ಹೇಳಾಕ ಬಾಯಿ ತಗದಾಕಿ ಹಾಲೇಶನ ನೆಟ್‌ಹೌಸಿನ್ಯಾಗ ಅದಾಳ."

ಎಲ್ಲರ ಅಂಗಿ, ಸೆರಗು, ತುರುಬು ತಪಾಸಣೆ ಮಾಡುವ ನನ್ನನ್ನು ತಪಾಸಣೆ ಮಾಡುವ ಧೈರ್ಯ ಯಾರಿಗಿತ್ತು? ಅವರೆಲ್ಲ ತೊಟ್ಟ ಅಂಗಿಯನ್ನು ಗೂಡಿನಲ್ಲೇ ಬಿಟ್ಟು ಊಟಕ್ಕೆ ಹೋಗುತ್ತಿದ್ದರು. ನನ್ನ ದುಪಟ್ಟಾ ಮಾತ್ರ ಒಣಗತೊಡಗಿದ ಹತ್ತಿಗಿಡದ ನೊಣಗಳಿಗೆ ಬಾ ಬಾ ಎನ್ನುತ್ತ, ತುಂಬಿಸಿಕೊಂಡು, ಎರಡೂ ಬಾಗಿಲು ದಾಟಿ ಒಳಗೆ ಬರುತ್ತಿತ್ತು. ದೀಪಾವಳಿಯಿಂದ ದಿನಕ್ಕೊಂದು ಖೇಪು.

ದುಪಟ್ಟಾವನ್ನು ಅಲ್ಲೇ ಸುಟ್ಟೆ. ಆದರೂ ಒಂದು ಪ್ರಶ್ನೆ ಉಳಿಯಿತು. ಹುಳ ತಂದವಳು ನಾನಾದರೆ ರೋಗ ಐದನೆಯ ಸಾಲಿಗೇ ಯಾಕೆ ಹತ್ತಿತು?

ಎಲ್ಲರೂ ಮನೆಗೆ ಹೋದ ಮೇಲೆ ಒಬ್ಬಳೇ ಒಳಗೆ ಹೋದೆ. ಐದನೆಯ ಸಾಲಿನ ನಡುವೆ ಕಿತ್ತ ಗಿಡಗಳ ಜಾಗ ಬೋಳಾಗಿತ್ತು. ಅಲ್ಲಿ ನಿಂತೆ. ನಿಂತ ಕೂಡಲೇ ಕಾಲಿಗೆ ಗೊತ್ತಾಯಿತು, ತಲೆಗೆ ಆಮೇಲೆ. ಇದು ನಾನು ದಿನಾ ನಿಲ್ಲುತ್ತಿದ್ದ ಜಾಗ. ಬುತ್ತಿಗಂಟು ಕಟ್ಟಿ ಎದ್ದವಳು ಯಾರ ಕೆಲಸವನ್ನೂ ನೋಡದೆ, ಎಲ್ಲೂ ನಿಲ್ಲದೆ, ನೇರ ಇಲ್ಲಿಗೇ ಬರುತ್ತಿದ್ದೆ. ಫರ್ಜಾನಾ ಹೂ ಮುಟ್ಟುತ್ತ ಹೇಳುತ್ತಿದ್ದಳು, ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ನಗು ಬಂದಾಗ ತಲೆ ಹಿಂದಕ್ಕೆ ಹಾಕಿ ನಗುವ ಅಭ್ಯಾಸ ನನ್ನದು. ನಕ್ಕಾಗಲೆಲ್ಲ ನೊಣ ಹಾರಿ ಸುತ್ತಲಿನ ಗಿಡಗಳ ಮೇಲೆ ಕುಳಿತಿವೆ. ನಾನು ನಿಂತ ಕಂಬದ ಸುತ್ತ ಕೈಗೆಟುಕುವಷ್ಟು ದೂರ ಒಂದು ಗಿಡವೂ ಉಳಿದಿರಲಿಲ್ಲ. ನಾವು ಮಾತಾಡಿದ್ದನ್ನು ಗಿಡಗಳು ಹೀಗೆ ಬರೆದಿಟ್ಟಿದ್ದವು, ನಾನು ಅದನ್ನೇ ಅವಳ ಮೇಲೆ ಸಾಕ್ಷಿ ಮಾಡಿದ್ದೆ.

ಅಂದು ಸಂಜೆಯೇ ಅವಳ ಮನೆಗೆ ಹೋದೆ. ಫರ್ಜಾನಾ ಅಂಗಳದಲ್ಲಿ ಮೊರ ಹಿಡಿದು ಕಡಲೆ ಹಸನು ಮಾಡುತ್ತಿದ್ದಳು. ಅವಳ ಅತ್ತೆ ರಾಜಮಾ ಹೊಸ್ತಿಲಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದಳು.

"ಬರ್ರಿ ಅಕ್ಕಾರ. ಕುಂದರ್ರಿ," ಎಂದಳು ಫರ್ಜಾನಾ.

ಒಂಬತ್ತು ವರ್ಷದಲ್ಲಿ ಅವಳು ನನಗೆ ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು. ಬಾರುಕೋಲಿನಿಂದ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ಫರ್ಜಾನಾ, ತಪ್ಪ ನಂದ. ಹುಳಾ ತಂದಾಕಿ ನಾನ. ಆ ಹಳದಿ ದುಪಟ್ಟಾದಾಗ ಬರತಿದ್ವು."

"ಗೊತ್ತೈತ್ರಿ. ಆವತ್ತ ಅದನ್ನ ಹೇಳಾಕ ಬಂದಿದ್ನಿ."

"ನಾ ಹೇಳಾಕ ಬಿಡಲಿಲ್ಲ."

"ಇಲ್ರಿ. ಬಿಡಲಿಲ್ಲ."

ಮೊರದಲ್ಲಿ ಕಡಲೆ ಒಂದು ಸಲ ಮೇಲೆ ಹಾರಿ ಕೆಳಗೆ ಬಿತ್ತು. ರಾಜಮಾ ಅಡಕೊತ್ತಿನಿಂದ ತಲೆಯೆತ್ತದೆ ಹೇಳಿದಳು.

"ಬೈಯೂದ ಹನ್ನೊಂದ ಮಂದಿ ಮುಂದ, ತಪ್ಪಾತ ಅನ್ನೂದ ಅಂಗಳದಾಗ. ಚಲೋ ಐತಿ ನಿಮ್ಮ ಪದ್ಧತಿ."

"ಚಾಚಿ, ಎಲ್ಲಿ ಹೇಳಂತೀರಿ ಅಲ್ಲಿ ಹೇಳ್ತೀನಿ."

"ನಾ ಹೇಳೂದ ಏನೈತಿ? ಬಾಯಿ ನಿಂದು."

ಫರ್ಜಾನಾ ಚಹಾ ಕೊಟ್ಟಳು. ಮನೆಗೆ ಬಂದ ಹೊರಗಿನವರಿಗೆ ಕೊಡುವ ಹಾಗೆ, ಕಪ್ಪನ್ನು ಬಸಿಯಲ್ಲಿಟ್ಟು. ಕುಡಿದು ಎದ್ದು ಬಂದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ, ಈ ಸಲ ಸರಿಯಾದವಳಿಗೆ ಸರಿಯಾದ ಬೈಗುಳ ಸಿಕ್ಕವು.

ಮಾರನೆಯ ದಿನ ಕೆಲಸಕ್ಕೆ ಬಂದ ಮಾಸುಮಬಿ, ಚಮನಬಿ, ಎಲ್ಲರನ್ನೂ ಕರೆದುಕೊಂಡು ಕೆರೆ ಏರಿಯ ಮೇಲೆ ಹೊರಟೆ. ಮುಂದೆ ನಾನು, ಹಿಂದೆ ಗಂಡಂದಿರ ಅಂಗಿ ತೊಟ್ಟ ಹೆಂಗಸರ ಸಾಲು. ನೋಡಿದವರು ಯಾವುದೋ ಜಗಳಕ್ಕೆ ಹೊರಟಿದ್ದಾರೆಂದೇ ತಿಳಿದರು. ಹಾಲೇಶ ತನ್ನ ನೆಟ್‌ಹೌಸಿನ ಬಾಗಿಲಿಗೆ ಅಡ್ಡ ನಿಂತುಬಿಟ್ಟ.

"ಅಕ್ಕಾರ, ಒಳಗ ಮಾತ್ರ ಬಿಡಾಂಗಿಲ್ಲ. ನಿಮ್ಮ ನೆಟ್ಟಿನ್ಯಾಗ ಮುಟುರ ಬಂದೈತಿ. ಹೊರಗಿನವರನ್ನ ಒಳಗ ಬಿಡಬಾರದು ಅಂತ ನೀವ ನನಗ ಹೇಳಿಕೊಟ್ಟೀರಿ."

ಅವನು ಹೇಳಿದ್ದು ಸರಿಯೇ. ಬಲೆಯ ಹೊರಗಿನಿಂದ ಬಗ್ಗಿ ನೋಡಿದೆ. ಒಳಗೆ ನಾಲ್ಕು ಸಾಲು ದಾಟಿ ಫರ್ಜಾನಾ ನಿಂತಿದ್ದಳು, ಬೆನ್ನು ಈ ಕಡೆ. ಅವನ ಹದಿನಾಲ್ಕು ಕೆಲಸದವರು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಅವಳ ಕೈ ನಿಲ್ಲಲಿಲ್ಲ. ಕೂಗಿ ಹೇಳದೆ ಬೇರೆ ದಾರಿಯಿರಲಿಲ್ಲ.

"ಫರ್ಜಾನಾ! ಹುಳಾ ತಂದಾಕಿ ನಾನು! ಸುಳ್ಳ ಸುಳ್ಳ ನಿನ್ನ ಮ್ಯಾಲೆ ಹಾಕಿದ್ನಿ! ಎಲ್ಲಾರ ಮುಂದ ಹೇಳ್ತೀನಿ, ತಪ್ಪಾತು!"

ಅವಳು ಒಂದು ಹೂ ಮುಟ್ಟಿದಳು, ಮುಂದಿನ ಹೂವಿಗೆ ಹೋದಳು.

"ಕೇಳಸತೈತೇನ?"

"ಇಡೀ ಊರಿಗೆ ಕೇಳಸತೈತ್ರಿ," ಎಂದಳು, ತಿರುಗದೆಯೇ.

ಸಿದ್ಧ ಮಾಡಿಕೊಂಡು ಬಂದ ಮಾತೆಲ್ಲ ಮುಗಿದಿತ್ತು. ಉಳಿದದ್ದು ಮನಸ್ಸಿನಲ್ಲಿದ್ದದ್ದು ಮಾತ್ರ.

"ನಿನ್ನ ಸಾಲಿಗೇ ಯಾಕ ಹತ್ತಿತು ಅಂತ ಕೇಳಿದ್ನಲ್ಲಾ, ಅದರ ಜವಾಬ ಸಿಕ್ಕೈತಿ. ದಿನಾ ಊಟಾ ಮಾಡಿ ನಾ ಓಡಿ ಬರತಿದ್ದದ್ದ ನಿನ್ನ ಕಡೆ. ಆ ಕಂಬಕ್ಕ ಒರಗಿ ನಾ ನಿಂದರತಿದ್ನಲ್ಲಾ, ಅದರ ಸುತ್ತಲಿನ ಗಿಡಾ ಅಷ್ಟ ಹೋಗ್ಯಾವ. ಬ್ಯಾರೆ ಒಂದ ಗಿಡಾ ಹೋಗಿಲ್ಲ. ಇಡೀ ನೆಟ್‌ಹೌಸಿನ್ಯಾಗ ನನಗ ಹೋಗಿ ನಿಂದರಾಕ ಇನ್ನೊಂದ ಜಾಗಾನ ಇದ್ದಿಲ್ಲ ಫರ್ಜಾನಾ."

ಅವಳ ಕೈ ನಿಂತಿತು. ಆಮೇಲೆ ತಿರುಗಿದಳು. ಬಲೆಯ ಹಿಂದಿನ ಮುಖ ಸ್ಪಷ್ಟವಾಗಿ ಕಾಣಿಸಲಿಲ್ಲ.

"ಎಷ್ಟ ಗಿಡಾ ಹೋದ್ವು?"

"ನಲವತ್ತೊಂದು."

"ಅಷ್ಟೂ ನಾವು ಮಾತಾಡಿದ್ದಕ್ಕ?"

"ಅಷ್ಟೂ."

"ನೀ ಅಂದದ್ದು ನನಗ ಭಾಳ ನಟ್ಟೈತಿ, ಅನ್ನಪೂರ್ಣಾ. ಲಗೂ ಹೋಗೂದಲ್ಲ ಅದು."

"ಗೊತ್ತೈತಿ."

"ಶನಿವಾರದ ತನಕಾ ಹಾಲೇಶಣ್ಣಗ ಮಾತ ಕೊಟ್ಟೀನಿ, ಬಿಟ್ಟ ಬರಾಂಗಿಲ್ಲ. ಸೋಮವಾರ ಬರ್ತೀನಿ." ಮತ್ತೆ ಹೂವಿನ ಕಡೆ ತಿರುಗುತ್ತ ಸೇರಿಸಿದಳು. "ಕೊಣ್ಣೂರಾಗ ನಮ್ಮ ತಂಗಿ ಮದವಿ ಮುರದು ಮತ್ತ ಕೂಡೇತಿ. ಹೇಳಾಕ ಮಂದಿ ಇಲ್ಲದ ಹತ್ತ ದಿನಾ ಹೊಟ್ಟ್ಯಾಗ ಇಟಗೊಂಡೀನಿ. ಅದನ್ನ ಪೂರಾ ಹೇಳಾಕ ನಿಂತ್ರ ನಿನ್ನ ನೆಟ್‌ಹೌಸಿನ್ಯಾಗ ಒಂದ ಗಿಡಾನೂ ಉಳಿಯಾಂಗಿಲ್ಲ ನೋಡ."

ಒಳಗಿನ ಹದಿನಾಲ್ಕು, ಹೊರಗಿನ ಹನ್ನೆರಡು ಜನ ಒಮ್ಮೆಲೇ ನಕ್ಕರು. ನನಗೆ ನಗಲು ಆಗಲಿಲ್ಲ. ಎರಡೂ ಕೈಯಿಂದ ಬಲೆ ಹಿಡಿದುಕೊಂಡು, ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ.

ಹಾಲೇಶ ಪಾಪ ಎರಡು ನಿಮಿಷ ತಡೆದುಕೊಂಡ. ಆಮೇಲೆ ಬಹಳ ವಿನಯದಿಂದ ಹೇಳಿದ. "ಅಕ್ಕಾರ, ಅಳೂದಿದ್ರ ಬಲಿ ಬಿಟ್ಟ ಸ್ವಲ್ಪ ಅತ್ತಾಗ ನಿಂತ ಅಳ್ರಿ. ನಿಮ್ಮ ಮೈಮ್ಯಾಲೆ ಇನ್ನ ಎಷ್ಟ ಹುಳಾ ಅದಾವೋ ಏನೋ."

ನಾನು ಹತ್ತು ಹೆಜ್ಜೆ ಹಿಂದೆ ಸರಿದು, ಉಳಿದದ್ದನ್ನು ಅಲ್ಲಿ ನಿಂತು ಅತ್ತೆ.